ಕುಂಕುಮ ಹಚ್ಚಿದ ಪರವಾನಗಿ

ನಮ್ಮ ಮನೆಯವರು ಬೆಟಗೇರಿಯಲ್ಲಿ ವೈರಮನ್. ಹೊಸ ಮನೆ ಕಟ್ಟುವವರೆಲ್ಲ ಕರೆಂಟಿನ ಕೆಲಸಕ್ಕೆ ಅವರನ್ನೇ ಕರೆಯುತ್ತಾರೆ. ಅವರಿಗೆ ಸರಕಾರ ಕೊಟ್ಟಿದ್ದ ಪರವಾನಗಿಯ ಸಣ್ಣ ಪುಸ್ತಕವನ್ನು ನಾನು ದೇವರ ಜಗಲಿಯ ಮೇಲಿಟ್ಟಿದ್ದೆ. ಅನ್ನ ಕೊಡುವ ವಸ್ತುವನ್ನು ಇನ್ನೆಲ್ಲಿ ಇಡಬೇಕು? ಪ್ರತಿ ವರ್ಷ ದಸರೆಯಲ್ಲಿ ಖಂಡೇಪೂಜೆಯ ದಿನ ಪಕ್ಕಡ, ಟೆಸ್ಟರ್‌ಗಳ ಸಾಲಿನಲ್ಲಿ ಅದನ್ನೂ ಬಿಚ್ಚಿಟ್ಟು, ಒಳಗಿದ್ದ ಅವರ ಫೋಟೋದ ಹಣೆಗೆ ವಿಭೂತಿ, ಕುಂಕುಮ ಹಚ್ಚುತ್ತಿದ್ದೆ.

"ಈಗಽ ನನ್ನ ಫೋಟೋಕ್ಕ ಪೂಜಿ ಸುರು ಮಾಡೀಯಲ್ಲಲೇ, ನಾ ಇನ್ನೂ ಅದೀನಿ" ಎಂದು ಅವರು ನಗುತ್ತಿದ್ದರು.

ಈ ವರ್ಷ ನಿಯಮ ಬದಲಾಯಿತು. ಹಳೆಯ ಪರವಾನಗಿಗಳನ್ನೆಲ್ಲ ಹೊಸದಾಗಿ ನೋಂದಾಯಿಸಬೇಕು, ಅಸಲು ಪುಸ್ತಕ ತೋರಿಸಲಾಗದವರು ಮೊದಲಿನಿಂದ ಪರೀಕ್ಷೆ ಬರೆಯಬೇಕು ಎಂದರು. ನಮ್ಮವರು ಓದಿದ್ದು ಏಳನೆಯ ಇಯತ್ತೆ. ಕೈಗೆ ಎಲ್ಲ ಗೊತ್ತು, ಬರೆಯಲು ಬಾರದು.

ಇಬ್ಬರೂ ಗದಗಿನ ಕಚೇರಿಗೆ ಹೋದೆವು. ಗುಮಾಸ್ತರು ಪುಸ್ತಕ ತೆರೆದರು. ದೀಪದ ಎಣ್ಣೆ ಹರಡಿತ್ತು. ಕುಂಕುಮದಡಿ ನಂಬರು ಅಳಿಸಿತ್ತು, ಫೋಟೋದಲ್ಲಿ ಮುಖವೇ ಇರಲಿಲ್ಲ.

"ಇದು ಪರವಾನಗಿನೋ ಪ್ರಸಾದಾನೋ ಯಜಮಾನ್ರ? ಹಳೇ ರಜಿಸ್ಟರ್ ಹುಡುಕಿ ಹೇಳ್ತೀವಿ. ಅಲ್ಲೀತನಕ ಕೆಲಸಕ್ಕ ಕೈ ಹಾಕಬ್ಯಾಡ್ರಿ."

ದಾರಿಯುದ್ದಕ್ಕೂ ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ತಿಂಗಳು ಕಳೆದರೂ ಕಚೇರಿಯಿಂದ ಖಬರಿಲ್ಲ. ಕಡೆಗೆ ಪರಿಚಯದ ಗುತ್ತಿಗೆದಾರರೊಬ್ಬರು ಮನೆಗೆ ಬಂದರು. ಹಿರೇಹಂದಿಗೋಳದಲ್ಲಿ ಒಂದು ಮನೆಯ ವೈರಿಂಗ್ ಇದೆ, ಕಾಗದದಲ್ಲಿ ಪರವಾನಗಿ ಇರುವ ಬೇರೊಬ್ಬರ ಹೆಸರು ಹಾಕೋಣ, ಕೆಲಸ ನೀವು ಮಾಡಿ ಎಂದರು.

"ಏನರ ಹೆಚ್ಚುಕಮ್ಮಿ ಆದ್ರ?" ನಾನು ಒಳಗಿನಿಂದಲೇ ಕೇಳಿದೆ.

"ಏನೂ ಆಗೂದಿಲ್ಲ ತಗೋರಿ ಅಕ್ಕಾರ. ಏನರ ಆದ್ರೂ, ಇವರು ಅಲ್ಲಿಗೆ ಬಂದಽ ಇಲ್ಲ ಅಂತ ತಿಳೀರಿ."

ನಗುತ್ತಲೇ ಹೇಳಿದರು. ನಮ್ಮವರು ಮರುದಿನದಿಂದಲೇ ಬರುತ್ತೇನೆಂದು ಒಪ್ಪಿಕೊಂಡರು.

ಮೊದಲ ದಿನ ಸಂಜೆ ಗಾಡಿಯ ಸಪ್ಪಳ ಕೇಳಿದಾಗ ಶಿವನಿಗೆ ಕೈಮುಗಿದೆ. ಎರಡನೆಯ ದಿನವೂ ಬಂದರು, ಉಂಡರು. ಅಷ್ಟೇ ಸಾಕೆನಿಸಿತು. ಆದರೆ ಅವರ ಹೆಬ್ಬೆರಳು ಕರ್ರಗಾಗಿತ್ತು.

"ಸಣ್ಣ ಕಿಡಿ. ಬಿಡು."

ಮೂರನೆಯ ದಿನ ಮುಂಜಾನೆ, ರೂಢಿಯಂತೆ ಅವರ ಹಣೆಗೆ ವಿಭೂತಿ ಹಚ್ಚಲು ಕೈಯೆತ್ತಿದೆ. ಆ ಅಳಿಸಿದ ಮುಖ ಕಣ್ಣ ಮುಂದೆ ಬಂತು. ಬೆರಳು ಮುಂದಕ್ಕೆ ಹೋಗಲಿಲ್ಲ.

"ಯಾಕ, ಇವತ್ತ ದೇವರು ಬ್ಯಾಡೇನು?" ಎಂದು ಬರಿಯ ಹಣೆಯಲ್ಲೇ ಹೊರಟರು.

ಮಧ್ಯಾಹ್ನ ಮುಂಡರಗಿ ದಿಕ್ಕಿನಿಂದ ಮೋಡ ಏರಿತು. ಗುಡುಗಿದಾಗ ನಮ್ಮ ಓಣಿಯ ಕರೆಂಟು ಹೋಯಿತು. ಜಗಲಿಯ ವಿಭೂತಿಯನ್ನು ಮತ್ತೆ ಬೆರಳಿಗೆ ತೆಗೆದುಕೊಂಡು, ಅವರ ಗಾಡಿಯ ಸಪ್ಪಳಕ್ಕೆ ಕಿವಿಗೊಟ್ಟು ಬಾಗಿಲಲ್ಲಿ ನಿಂತೆ.