ಒಪ್ಪತ್ತಿನ ದಿನದ ಮಾತ್ರೆ

ತೊಣ್ಣೂರು ಕೆರೆಯ ಏರಿಯ ಮೇಲೆ ಕೂತಿದ್ದಾಗ ಕೆಂಪಿರುವೆಯೊಂದು ನನ್ನ ಕಾಲಿನ ಹರಡಿಗೆ ಕಚ್ಚಿತು. ಬರೆದು ತಿಳಿಸಬೇಕಾದ ಸಂಗತಿ ಇದಲ್ಲವೆಂದು ನನಗೂ ಗೊತ್ತು. ಇರುವೆ ಕಚ್ಚಿದರೆ ಸಭ್ಯರು ಒಮ್ಮೆ ಕಾಲು ಕೊಡವಿ ಮಾತು ಮುಂದುವರಿಸುತ್ತಾರೆ. ನಾನಾದರೋ, ಜೊತೆಗೆ ಬಂದಿದ್ದ ಸಹೋದ್ಯೋಗಿ ನೀರಿನ ಬಣ್ಣವನ್ನು ಹೊಗಳುತ್ತಿದ್ದಷ್ಟು ಹೊತ್ತೂ ಹರಡಿನ ಕಡೆಗೇ ಬಗ್ಗಿ, ಚುಕ್ಕೆಯಷ್ಟಿದ್ದ ಕೆಂಪು ಹೇಗೆ ರೂಪಾಯಿಯಗಲವಾಯಿತು, ಅದರ ನಡುವೆ ದದ್ದು ಹೇಗೆ ಎದ್ದಿತು, ಮುಟ್ಟಿದರೆ ಎಷ್ಟು ಬಿಸಿಯಾಗಿದೆ ಎಂದು ಕ್ರಿಕೆಟ್ಟಿನ ಕೊನೆಯ ಓವರು ನೋಡುವವರ ಹುಮ್ಮಸ್ಸಿನಲ್ಲಿ ನೋಡುತ್ತಿದ್ದೆ. ಪಾಂಡವಪುರದ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಕಲಿಸುವವಳ ಮನರಂಜನೆಯ ಮಟ್ಟ ಇಷ್ಟೇ ಎಂದು ನೀವು ನಕ್ಕರೆ ನನ್ನ ತಕರಾರಿಲ್ಲ.

ಆದರೆ ಆ ದದ್ದಿನೊಳಗೆ ನಡೆಯುವುದು, ನಮ್ಮ ಕಡೆ ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಊರಲ್ಲಿ ನಡೆಯುವುದಕ್ಕಿಂತ ಕಡಿಮೆ ರೋಚಕವಲ್ಲ. ಮೊದಲು ಕಂಡವರು ಕೂಗುತ್ತಾರೆ. ಕೇಳಿದವರು ಬಿಂದಿಗೆ ಹಿಡಿದು ಓಡುತ್ತಾರೆ. ಓಡುವಾಗ ಪಕ್ಕದವರನ್ನೂ ಕೂಗಿ ಕರೆಯುತ್ತಾರೆ. ದೇಹದಲ್ಲಿ ಆ ಮೊದಲ ಕೂಗುಗಳಲ್ಲಿ ಒಂದರ ಹೆಸರು ಹಿಸ್ಟಮಿನ್. ಅದು ಕೇಳಿದೊಡನೆ ಕಿರು ರಕ್ತನಾಳಗಳು ಸಡಿಲಗೊಂಡು ನೀರು ಬಿಡುತ್ತವೆ, ಊತ ಬರುತ್ತದೆ. ಪ್ರೋಸ್ಟಗ್ಲಾಂಡಿನ್ ಎಂಬ ಇನ್ನೊಂದು ಕೂಗು ನೋವನ್ನು ಹರಿತಗೊಳಿಸುತ್ತದೆ. ಸೈಟೊಕೈನ್ ಎಂಬ ದೂತರು ದೂರದ ಬಿಳಿ ರಕ್ತಕಣಗಳಿಗೂ ಸುದ್ದಿ ಮುಟ್ಟಿಸುತ್ತಾರೆ. ಉರಿಯೂ ಊತವೂ ಕೂಡಿದ ಈ ಸಂಭ್ರಮಕ್ಕೆ ಉರಿಯೂತವೆಂದು ಹೆಸರು. ಬೆಂಕಿ ಆರಿದ ಮೇಲೆ ಎಲ್ಲರೂ ಮನೆಗೆ ಹೋಗಬೇಕು, ಅಷ್ಟೇ ನಿಯಮ. ನನ್ನ ಹರಡಿನಲ್ಲಿ ನೆರೆದವರು ಸಂಜೆಯೊಳಗೆ ಚೆದುರಿದರು. ದೊಡ್ಡಮ್ಮನ ಬೆರಳುಗಳಲ್ಲಿ ನೆರೆದವರು ಮಾತ್ರ, ಬೆಂಕಿಯೇ ಇಲ್ಲದ ಗದ್ದೆಗೆ ನುಗ್ಗಿ, ಇದ್ದ ಬೆಳೆಯನ್ನೇ ತುಳಿಯುತ್ತಾ ಅಲ್ಲೇ ಬೀಡುಬಿಟ್ಟಿದ್ದರು.

ದೊಡ್ಡಮ್ಮ ನನ್ನ ತಂದೆಯ ಅಣ್ಣನ ಹೆಂಡತಿ. ನಾಗಮಂಗಲ ತಾಲ್ಲೂಕಿನ ದೇವಲಾಪುರದ ಪಕ್ಕದ ಹಳ್ಳಿಯಲ್ಲಿ ಅವರ ಮನೆ. ಕಟಾವಿನ ಆಳುಗಳಿಗೆಲ್ಲ ಮುದ್ದೆ ಕಟ್ಟುವಾಗ ಅವಳು ಎರಡು ಪಾದಗಳ ನಡುವೆ ಪಾತ್ರೆಯನ್ನು ಒತ್ತಿಹಿಡಿದು, ಕೋಲಿನಿಂದ ತಿರುವಿ, ಹಬೆಯಾಡುವ ಹಿಟ್ಟನ್ನು ಒದ್ದೆಗೈಯಲ್ಲಿ ಉರುಟಾಗಿಸುವುದನ್ನು ನಾನು ಬಾಲ್ಯದಲ್ಲಿ ಬೆರಗಿನಿಂದ ನೋಡುತ್ತಿದ್ದೆ. ವರ್ಷಗಳ ಮೇಲೆ ಆ ಕೈಬೆರಳುಗಳೇ ಬೆಳಗಿನ ಹೊತ್ತು ಮಡಚದಾದವು. ರವಿಕೆಯ ಹುಕ್ಕು ಬೆರಳಿಗೆ ಸಿಗದಾಯಿತು. ಹಾಲು ಕರೆಯುವ ಕೆಲಸ ದೊಡ್ಡಪ್ಪನಿಗೆ ವರ್ಗವಾಗಿ, ಹಸು ತನ್ನ ಅಸಮ್ಮತಿಯನ್ನು ಕಾಲಿನಿಂದಲೇ ತಿಳಿಸಿತು. ಮುದ್ದೆ ತಿರುವಲಾಗದ ಮೊದಲ ದಿನ ದೊಡ್ಡಮ್ಮ ಬರೀ ಅನ್ನ ಬಸಿದು, ಯಾರ ಮುಖವನ್ನೂ ನೋಡದೆ ಬಡಿಸಿದಳು.

ನಮ್ಮ ಬಂಧುಬಳಗದ ಪ್ರತಿ ತಾಲ್ಲೂಕೂ ತನ್ನ ಪಾಲಿನ ಮದ್ದನ್ನು ಕಳಿಸಿತು. ಕೆ.ಆರ್. ಪೇಟೆಯಿಂದ ಎಣ್ಣೆ ಬಂತು, ನಾಗಮಂಗಲದಿಂದ ಸೊಪ್ಪಿನ ಪಟ್ಟು, ಶ್ರೀರಂಗಪಟ್ಟಣದಿಂದ ನೋವಿನ ಮಾತ್ರೆ. ಆ ಮಾತ್ರೆ ಪ್ರೋಸ್ಟಗ್ಲಾಂಡಿನ್ನಿನ ಬಾಯಿ ಮುಚ್ಚಿಸಿ ಅರ್ಧ ದಿನದ ನೆಮ್ಮದಿ ಕೊಡುತ್ತಿತ್ತು. ಗದ್ದೆ ತುಳಿಯುವವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕೊನೆಗೆ ಮೈಸೂರಿನಲ್ಲಿ ಕೀಲುವಾತದ ತಜ್ಞರು ಆ ಗುಂಪನ್ನೇ ಚೆದುರಿಸುವ ಮಾತ್ರೆ ಬರೆದರು. ಹೀಗೇ ಬಿಟ್ಟರೆ ಬೆರಳು ಸೊಟ್ಟಗಾಗಿ ಮತ್ತೆ ನೆಟ್ಟಗಾಗುವುದಿಲ್ಲ ಎಂದರು. ಮಾತ್ರೆ ವಾರಕ್ಕೊಂದೇ ದಿನ, ರಾತ್ರಿ ಊಟವಾದ ಮೇಲೆ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಮರೆಯದ ಒಂದು ದಿನವನ್ನು ನೀವೇ ಆರಿಸಿಕೊಳ್ಳಿ ಎಂದರು. ದೊಡ್ಡಮ್ಮ ಯೋಚಿಸದೆ ಶನಿವಾರ ಎಂದಳು. ಕರಿಘಟ್ಟದ ದೇವರ ಒಕ್ಕಲು ಶನಿವಾರವನ್ನು ಮರೆಯುವುದುಂಟೇ? ಅವಳ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚಿದೆ.

ಆಮೇಲೆ ಹಳ್ಳಿಗೆ ಹೋದಾಗಲೆಲ್ಲ ಜಗಲಿಯ ಮೇಲೆ ನನ್ನ ಉಪನ್ಯಾಸ. ಮನೆಯ ವಿಷಯ ಯಾರಲ್ಲೂ ಆಡದ ನಾನು ಸೈಟೊಕೈನಿನ ವಿಷಯ ಬಂದರೆ ಮಾತ್ರ ಬಾಯಿ ಮುಚ್ಚಲಾರೆ. ದೇಹದ ಕಾವಲುಗಾರರು ಸ್ವಂತ ಕೀಲನ್ನೇ ಶತ್ರುವೆಂದು ತಿಳಿದಿರುವುದನ್ನು ಬಣ್ಣಿಸಿದಾಗ ದೊಡ್ಡಪ್ಪ ಬೀಡಿ ಆರಿಸಿ, "ಇವ್ಳ ಮೈಯೊಳಗಿರೋರೂ ಇವ್ಳಂಗೇ ಕಣವ್ವ, ಯೋಳಿದ ಮಾತು ಕೇಳಾಕಿಲ್ಲ" ಎಂದ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದರೆ ದೊಡ್ಡಮ್ಮ, ಡಾಕ್ಟರು ಹೇಳಿದಂತೆಯೇ ಎಂದು ಪ್ರತಿ ಸಲವೂ ಹೇಳಿದಳು.

ತಿಂಗಳುಗಳು ಕಳೆದರೂ ಬೆರಳು ಮಡಚಲಿಲ್ಲ. ರಕ್ತಪರೀಕ್ಷೆಯಲ್ಲಿ ಉರಿಯೂತ ಇದ್ದಲ್ಲೇ ಇತ್ತು. ಮುಂದಿನ ಸಲವೂ ಹೀಗೇ ಇದ್ದರೆ, ಒಬ್ಬನೇ ದೂತನನ್ನು ಗುರುತಿಸಿ ಹಿಡಿಯುವ ಹೊಸ ಬಗೆಯ ಇಂಜೆಕ್ಷನ್ನಿಗೆ ಹೋಗಬೇಕಾಗುತ್ತದೆ ಎಂದರು ವೈದ್ಯರು. ಅದರ ಬೆಲೆ ಕೇಳಿ ದೊಡ್ಡಪ್ಪನ ಮುಖ ಬಾಡಿತು. ನಾನು ಮರ್ಯಾದೆಗೆ ಮುಖ ಬಾಡಿಸಿಕೊಂಡೆನಾದರೂ, ಪಠ್ಯದಲ್ಲಿ ಮಾತ್ರ ಕಂಡಿದ್ದ ಆ ಅಣುವನ್ನು ಮನೆಮಂದಿಯ ಮೈಯಲ್ಲೇ ನೋಡುವೆನೆಂಬ ಪುಳಕ ಒಳಗೆಲ್ಲೋ ಇತ್ತೆಂಬುದನ್ನು ನಿಮಗಷ್ಟೇ ಹೇಳುತ್ತಿದ್ದೇನೆ.

ಮತ್ತೆ ಮೈಸೂರಿಗೆ ಹೊರಟ ಬೆಳಗ್ಗೆ, ಇರುವ ಔಷಧವನ್ನೆಲ್ಲ ಚೀಲಕ್ಕೆ ಹಾಕೆಂದೆ. ದೊಡ್ಡಮ್ಮ ದೇವರ ಗೂಡಿನಿಂದ ಮಾತ್ರೆಯ ಪಟ್ಟಿಗಳನ್ನು ತೆಗೆದುಕೊಟ್ಟಳು. ಜೊತೆಗೆ ಬರೆದಿದ್ದ, ಸೋಮವಾರ ನುಂಗಬೇಕಾದ ವಿಟಮಿನ್ನಿನ ಪಟ್ಟಿ ಬರಿದಾಗಿತ್ತು. ಮುಖ್ಯವಾದ ಪಟ್ಟಿಯಲ್ಲಿ ಒಂದೂ ಕದಲಿರಲಿಲ್ಲ. ಇದೇನೆಂದು ಕೇಳಿದೆ.

"ಊಟ ಆದ್ಮೇಲೆ ತಕಳಿ ಅಂದಿದ್ರಲ್ಲವ್ವ ಡಾಕ್ಟ್ರು," ಎಂದಳು, ಇಷ್ಟೂ ತಿಳಿಯದ ಹುಡುಗಿಗೆ ಹೇಳುವಂತೆ. "ಶನಿವಾರ ಒಪ್ಪತ್ತು. ರಾತ್ರಿ ನಾನು ಊಟನೇ ಮಾಡಾಕಿಲ್ವಲ್ಲ."

ವೈದ್ಯರ ಮಾತನ್ನೂ ದೇವರ ನೇಮವನ್ನೂ ಏಕಕಾಲಕ್ಕೆ ಕೂದಲೆಳೆಯಷ್ಟೂ ಮೀರದೆ ಪಾಲಿಸಿದ ಆ ತರ್ಕದಲ್ಲಿ ಹುಳುಕು ಹುಡುಕಿ ಸೋತೆ. ನಗು ಬಂತು, ಅದರ ಬೆನ್ನಿಗೇ ಹಿಡಿಸಲಾರದಷ್ಟು ಸಂತೋಷವೂ ಬಂತು. ಔಷಧ ಸೋತಿರಲಿಲ್ಲ, ಅದಿನ್ನೂ ಗದ್ದೆಗೆ ಇಳಿದೇ ಇರಲಿಲ್ಲ. ನನ್ನ ಮುಖ ಅರಳಿದ್ದನ್ನು ಕಂಡು ದೊಡ್ಡಮ್ಮ ಧೈರ್ಯ ತಂದುಕೊಂಡು, "ಅಂಗಾರೆ ಬುಟ್ಟಿದ್ದನ್ನೆಲ್ಲ ಈಗ್ಲೇ ನುಂಗ್ಬುಡ್ಲಾ?" ಎಂದಳು. ಪಟ್ಟಿಯನ್ನು ಕಿತ್ತುಕೊಂಡಷ್ಟು ವೇಗವಾಗಿ ನಾನು ಬದುಕಿನಲ್ಲಿ ಮತ್ತೇನನ್ನೂ ಕಿತ್ತುಕೊಂಡಿಲ್ಲ.

ವೈದ್ಯರೂ ನಕ್ಕರು. ತಪ್ಪಿಹೋದದ್ದನ್ನು ಸೇರಿಸಿ ನುಂಗುವ ಹಾಗಿಲ್ಲ, ಹೊಸದಾಗಿ ಶುರುಮಾಡಿ, ರಕ್ತಪರೀಕ್ಷೆ ತಪ್ಪಿಸಬೇಡಿ ಎಂದು ತಿದ್ದಿದರು. ಬಸ್ಸಿನಲ್ಲಿ ಹಿಂದಿರುಗುವಾಗ ಮಾತ್ರೆಗೆ ಹೊಸ ದಿನದ ಆಯ್ಕೆ ನಡೆಯಿತು. ಸೋಮವಾರ ಒಬ್ಬ ದೇವರು, ಶುಕ್ರವಾರ ಇನ್ನೊಬ್ಬಳು. ಯಾವ ದೇವರ ತಕರಾರೂ ಇಲ್ಲದ, ಬಸ್ಸಾರು ಮುದ್ದೆ ಹೊಟ್ಟೆತುಂಬ ಉಣ್ಣುವ ಬುಧವಾರ ಗೆದ್ದಿತು. ಇಂಥ ಮಾತ್ರೆಯ ಕೆಲಸ ನಿಧಾನ. ಬುಧವಾರಗಳು ಹಲವು ಕಳೆದ ಮೇಲೆ ಒಂದು ಬೆಳಗ್ಗೆ ದೊಡ್ಡಪ್ಪ ಫೋನು ಮಾಡಿ, ಹಸು ಮತ್ತೆ ತನ್ನ ಯಜಮಾನಿಯ ಕೈಗೆ ಹಾಲು ಕೊಟ್ಟಿತೆಂದೂ, ತನ್ನ ಮೊಣಕಾಲು ಉಳಿಯಿತೆಂದೂ ವರದಿ ಒಪ್ಪಿಸಿದ.

ಮೊನ್ನೆಯ ಶನಿವಾರ ದೊಡ್ಡಮ್ಮನ ಜೊತೆ ಕರಿಘಟ್ಟ ಹತ್ತಿದೆ. ಕೆಳಗೆ ಲೋಕಪಾವನಿ ಕಾವೇರಿಯನ್ನು ಸೇರುವ ತಿರುವು ಬಿಸಿಲಿಗೆ ಹೊಳೆಯುತ್ತಿತ್ತು. ಕೈ ಸರಿಹೋದದ್ದಕ್ಕೆ ಅವಳು ದೇವರಿಗೂ ಡಾಕ್ಟರಿಗೂ ಸಮನಾಗಿ ಕೈಮುಗಿದಿದ್ದಳು; ಆ ಪಾಲಿನಲ್ಲಿ ಸೈಟೊಕೈನಿನ ಉಪನ್ಯಾಸಕಿಗೆ ಏನೂ ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುವಾಗ ಕೆಂಪಿರುವೆಯೊಂದು ಅವಳ ಮುಂಗೈಯನ್ನು ಕಚ್ಚಿತು. ಅಭ್ಯಾಸದಂತೆ ನಾನು ದದ್ದನ್ನು ನೋಡಲು ಬಗ್ಗಿದೆ. ಅಷ್ಟರಲ್ಲಿ ದೊಡ್ಡಮ್ಮ ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳುಗಳನ್ನು ಕೂಡಿಸಿ, ಸಾಸಿವೆ ಕಾಳನ್ನು ಆರಿಸುವಷ್ಟು ನಾಜೂಕಾಗಿ ಆ ಇರುವೆಯನ್ನು ಹಿಡಿದೆತ್ತಿ ಪಕ್ಕದ ಕಲ್ಲಿನ ಮೇಲೆ ಬಿಟ್ಟಳು.

"ಓಗು," ಎಂದಳು ಅದಕ್ಕೆ. "ಇವತ್ತು ನಿಂಗೂ ಒಪ್ಪತ್ತು."

ದದ್ದು ಎಷ್ಟು ಅಗಲವಾಯಿತೆಂದು ನಾನು ನೋಡಲೇ ಇಲ್ಲ. ಆ ಎರಡು ಬೆರಳುಗಳನ್ನೇ ನೋಡುತ್ತಿದ್ದೆ.