ಮಾತಾಡಿಸಲು ಬಂದವರ ಡಬ್ಬಿಗಳು

ನಮ್ಮ ಯಜಮಾನರ ಕಿಡ್ನಿ ಕೆಡಿಸಿದವಳು ನಾನೇ. ಓಣಿಯವರು ವಯಸ್ಸು ಅನ್ನುತ್ತಾರೆ, ಕೆಲವರು ಹಣೆಬರಹ ಅನ್ನುತ್ತಾರೆ. ಅದ್ಯಾವುದೂ ಅಲ್ಲ. ತಾಕತ್ತು ಬರಲಿ ಎಂದು ನಾಲ್ಕು ತಿಂಗಳು ಬಿಡದೆ ವಿಟಮಿನ್ ನುಂಗಿಸಿದೆ, ಅಷ್ಟೇ ಆದದ್ದು.

ಅವರು ಹಿತ್ತಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಿದ್ದರು. ಎಲುಬು ಸೊರಗಿವೆ ಎಂದು ಡಾಕ್ಟರು ವಾರಕ್ಕೊಂದರಂತೆ ಎಂಟು ಗುಳಿಗೆ ಬರೆದುಕೊಟ್ಟರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಕುಷ್ಟಗಿ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಹೋಗಿ ಮಾತಾಡಿಸಿ ಬರುವ ಪದ್ಧತಿ. ಬರಿಗೈಲಿ ಹೋಗುವಂತಿಲ್ಲ. ಮೊದಲೆಲ್ಲ ಬ್ರೆಡ್ಡು, ಬಿಸ್ಕೀಟು, ಬಾಳೆಹಣ್ಣು ತರುತ್ತಿದ್ದರು. ಅವನ್ನು ಮನೆಯ ಮಕ್ಕಳು ತಿಂದು ಮುಗಿಸುತ್ತಿದ್ದವು, ರೋಗಿ ಬದುಕಿಕೊಳ್ಳುತ್ತಿದ್ದ. ಈಗ ಎಲ್ಲರಿಗೂ ಸಕ್ಕರೆ ಕಾಯಿಲೆ, ನಮ್ಮವರಿಗೂ. ಹಾಗಾಗಿ ಬಂದವರೆಲ್ಲ ಔಷಧ ಅಂಗಡಿಯ ಡಬ್ಬಿ ಹಿಡಿದು ಬಂದರು. ಎಲುಬಿಗೊಂದು, ನರಕ್ಕೊಂದು, ರಕ್ತಕ್ಕೊಂದು. ಕಾರಟಗಿಯಿಂದ ಬಂದ ನನ್ನ ನಾದಿನಿ ಈರಮ್ಮ ಹಾಲಿಗೆ ಹಾಕುವ ಪುಡಿಯ ಪಾಕೀಟು ಒಂದು ಡಬ್ಬಿ ತುಂಬ ತಂದಳು. ಕೊಟ್ಟು ಸುಮ್ಮನಾಗುವವಳೂ ಅಲ್ಲ, ಫೋನು ಹಚ್ಚಿದಳು.

"ಅತ್ತಿಗಿ, ನಾ ತಂದಿದ್ದು ಅಣ್ಣಗ ಕುಡಸಾಕತ್ತೀಯೋ, ಇಲ್ಲಾ ದೇವರ ಮಾಡದಾಗ ಇಟ್ಟು ಪೂಜಿ ಮಾಡಾಕತ್ತೀಯೋ?"

"ದಿನಾ ಕುಡಸ್ತೀನವಾ," ಅಂದೆ.

ಎಷ್ಟು ದಿನಕ್ಕೊಂದು ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ತಂದವರು ಮತ್ತೆ ಬಂದಾಗ ಡಬ್ಬಿ ತುಂಬಿಯೇ ಇದ್ದರೆ ಅವರ ಮುಖಕ್ಕೆ ಹೊಡೆದಂತೆ. ನಾನು ಓದಿದ್ದು ಎರಡನೇ ತರಗತಿ. ಡಬ್ಬಿಯ ಮೇಲಿನ ಇಂಗ್ಲಿಷು ನನಗೆ ಇರುವೆ ಸಾಲು. ಮುಚ್ಚಳದ ಬಣ್ಣ ನೋಡಿ, ಕೊಟ್ಟವರಲ್ಲಿ ಯಾರಿಗೂ ಅನ್ಯಾಯವಾಗದಂತೆ ನುಂಗಿಸಿದೆ. ನೋಡಿದವರೆಲ್ಲ, "ಗಂಡನ್ನ ಹೆಂಗ ಜ್ವಾಕಿ ಮಾಡ್ತಾಳ ನೋಡು," ಅಂದರು. ಕೆಟ್ಟದ್ದು ಮಾಡುವವಳ ಕೈಯನ್ನು ಯಾರಾದರೂ ಹಿಡಿದು ತಡೆಯುತ್ತಾರೆ. ಒಳ್ಳೆಯದನ್ನು ಅತಿಯಾಗಿ ಮಾಡುವವಳಿಗೆ ಹೊಗಳಿಕೆ ಸಿಗುತ್ತದೆ.

ನಾಲ್ಕನೆಯ ತಿಂಗಳಿಗೆ ಅವರಿಗೆ ರೊಟ್ಟಿ ಸೇರದಾಯಿತು. ವಾಂತಿ, ಮಲಬದ್ಧತೆ, ಎಷ್ಟು ನೀರು ಕುಡಿದರೂ ತೀರದ ದಾಹ. ಬೆಳಗೋ ಸಂಜೆಯೋ ತಿಳಿಯದಾಯಿತು. ನಾನೇನು ಮಾಡಿದೆ? ನಿತ್ರಾಣ ಎಂದುಕೊಂಡು ಇನ್ನೊಂದು ಡಬ್ಬಿ ಒಡೆದೆ. ದಾಳಿಂಬೆ ತೋಟ ಮಾಡಿದವಳು ನಾನು. ಗೊಬ್ಬರ ಹೆಚ್ಚಾಗಿ ಎಲೆ ಸುಟ್ಟ ಗಿಡಕ್ಕೆ, ಸೊರಗಿದೆಯೆಂದು ಮತ್ತೆ ಗೊಬ್ಬರ ಸುರಿದ ಆಳಿಗೆ ಹುಚ್ಚಪ್ಪಾ ಎಂದು ಬೈದವಳು. ಗಿಡದ ವಿಷಯದಲ್ಲಿ ಇದ್ದ ಬುದ್ಧಿ ಗಂಡನ ವಿಷಯದಲ್ಲಿ ಬರಲಿಲ್ಲ.

ಕೊಪ್ಪಳದಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಮನೆಯ ಔಷಧಿಯನ್ನೆಲ್ಲ ತರಿಸಿದಳು. ಚೀಲವನ್ನು ಮೇಜಿನ ಮೇಲೆ ಸುರಿದೆ.

"ಅಜ್ಜಿ, ಇಷ್ಟೂ ಒಬ್ರಿಗೇನ್ರಿ?"

"ಹೂನವಾ. ತಾಕತ್ತಿನ ಔಷಧ ಅಲ್ಲೇನು, ಏನ್ ಮಾಡ್ತೈತಿ?"

"ಈ ಪುಡಿ ಹೆಂಗ ಕೊಟ್ಟೀರಿ?"

"ದಿನಾ, ಹಾಲಿನಾಗ."

ಅವಳು ಪಾಕೀಟು ತಿರುಗಿಸಿ ಬರಹ ಓದಿದಳು. "ಅದು ವಾರಕ್ಕ ಒಂದು ಪಾಕೀಟ್ರಿ. ಉಳಿದ ಡಬ್ಬ್ಯಾಗೂ ಅದ ವಿಟಮಿನ್ ಐತಿ, ಹೆಸರಷ್ಟ ಬ್ಯಾರೆ. ರಕ್ತದಾಗ ಸುಣ್ಣದಂಶ ಏರಿ ಕಿಡ್ನಿಗೆ ಪೆಟ್ಟಾಗೈತಿ."

"ಮೊದಲಿನಂಗ ಆಕ್ಕಾರೇನು?"

"ಸ್ವಲ್ಪ ಸುಧಾರಸಬಹುದು. ಪೂರಾ ಅಂತ ನಾ ಹೇಳೂದಿಲ್ರಿ."

ಸುಳ್ಳು ಹೇಳದ ಹುಡುಗಿ. ಅದಕ್ಕೇ ಅವಳ ಮೇಲೆ ಸಿಟ್ಟು ಬಂತು.

ಎಂಟು ದಿನ ಸಲೈನು ಹಾಕಿ, ಮೂತ್ರ ಕಡಿಮೆಯಾಗಬಾರದು, ದಿನವೂ ಅಳೆದು ಹೇಳಿರೆಂದು ಗೆರೆ ಇರುವ ಜಗ್ಗು ಕೊಟ್ಟು ಮನೆಗೆ ಕಳಿಸಿದರು.

ಮರುದಿನ ಬೆಳಿಗ್ಗೆ ಅವರು ಹಾಸಿಗೆಯಲ್ಲಿ ಎದ್ದು ಕೂತು ನನ್ನ ಮುಂದೆ ಅಂಗೈ ಚಾಚಿದರು.

"ಇವತ್ತ ಗುಳಿಗಿ ಕೊಡೂದಿಲ್ಲೇನು? ನನ್ನ ಮ್ಯಾಲೆ ಸಿಟ್ಟಾಗೀಯೇನು?"

"ಗುಳಿಗಿ ಇಲ್ರಿ. ಅವ ನಿಮ್ಮನ್ನ ಕೆಡಿಸ್ಯಾವು. ಕೊಟ್ಟಾಕಿ ನಾನು."

"ನೀ ಕೊಟ್ಟಿದ್ದು ಹೌದಲ್ಲ," ಅಂದರು, ಅದರಲ್ಲಿ ತಪ್ಪೇನೂ ಇರಲಾರದು ಎಂಬಂತೆ. ಚಾಚಿದ ಕೈ ಹಿಂದೆ ಸರಿಸಲಿಲ್ಲ.

ಆ ಕೈಯನ್ನೇ ಹಿಡಿದು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದೆ. ಮೂತ್ರ ಜಗ್ಗಿನ ಯಾವ ಗೆರೆಗೆ ಬಂತೆಂದು ನೋಡಿದೆ. ನಿನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ನೋಡಿದ್ದಕ್ಕಿಂತ ಕೆಳಗಿತ್ತು. ಜಗ್ಗು ತೊಳೆದು ಬಿಸಿಲಿಗೆ ಬೋರಲು ಹಾಕಿದೆ.