ಕೈಗುಣದ ಲೆಕ್ಕ

ಸಂಖ್ಯಾಶಾಸ್ತ್ರ ಕಲಿಸುವ ಅಕ್ಕನಿಗೆ ಕಾಲೇಜಿನಲ್ಲಿ ಇಟ್ಟ ಹೆಸರು ಮೆಣಸಿನಕಾಯಿ. ಅನ್ವರ್ಥನಾಮವೇ ಬಿಡಿ. ಲೆಕ್ಕ ತಪ್ಪಿದವರನ್ನು ಬಿಟ್ಟಾಳು, ತಪ್ಪು ಲೆಕ್ಕವನ್ನು ಇನ್ನೊಬ್ಬರ ತಲೆಗೆ ಕಟ್ಟಿದವರನ್ನು ಜಪ್ಪಯ್ಯ ಎಂದರೂ ಬಿಡಳು. ಅಂಥದ್ದರಲ್ಲಿ ಒಡಹುಟ್ಟಿದವಳ ತಲೆಗೇ ಕಟ್ಟಿದರೆ?

ತಂಗಿ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸು. ಅಲ್ಲಿ ನೂರು ಗಾಯಗಳಲ್ಲಿ ಎರಡು ಕೀವಾಗುವುದು ವಾಡಿಕೆ. ಅವಳು ಕಟ್ಟಿದ ಐವತ್ತರಲ್ಲಿ ಮೂರು ಕೀವಾದವು. ದೊಡ್ಡ ಡಾಕ್ಟರು ಸಾಧ್ಯತೆ ಅಳೆಯಲು ಗಂಟೆಯಾಕಾರದ ಗೆರೆ ಎಳೆದರು. ಬರೀ ಗ್ರಹಚಾರದಿಂದ ಹೀಗಾಗುವುದು ನೂರಕ್ಕೆ ಎರಡೇ ಸಲ, ಐದಕ್ಕಿಂತ ಕಮ್ಮಿ ಬಂದರೆ ತಪ್ಪು ಕೈಯದ್ದೇ ಎಂದು ತೀರ್ಮಾನಿಸಿ ಅವಳನ್ನು ಕೆಲಸದಿಂದ ತೆಗೆದರು. ‘ಅವಳ ಕೈಗುಣವೇ ಸರಿಯಿಲ್ಲ’ ಎಂದು ಜೊತೆಯವರ ಗುಸುಗುಸು ಬೇರೆ.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ತಂಗಿಯನ್ನು ದರದರ ಎಳೆದುಕೊಂಡು ಡಾಕ್ಟರ ಕೋಣೆಗೇ ನುಗ್ಗಿದಳು. ಮೇಜಿನ ಮೇಲಿದ್ದ ಗೆರೆಯ ಎಡತುದಿಗೆ ಬೆರಳು ಕುಟ್ಟಿದಳು.

“ಇದೇನ್ರೀ, ಗೆರೆ ಸೊನ್ನೆ ದಾಟಿ ಆಚೆ ಹೋಗಿದೆ! ಮೈನಸ್ ಒಂದು ಗಾಯ ಕೀವಾಗಿದ್ದು ಯಾವ ವಾರ್ಡಲ್ಲಿ? ತೋರ್ಸಿ, ನಾನೂ ಕಣ್ತುಂಬ ನೋಡ್ತೀನಿ!”

“ಐವತ್ತು ಗಾಯ ಇತ್ತಲ್ಲಮ್ಮ, ಈ ಗೆರೆಗೆ ಸಾಲ್ದಾ?” ಎಂದರು ಡಾಕ್ಟರು.

“ಐವತ್ತಿದ್ರೆ ಏನ್ ಬಂತು, ಮಣ್ಣು! ಅದ್ರಲ್ಲಿ ಕೀವಾಗೋದು ಸರಾಸರಿ ಒಂದು. ಆ ಸರಾಸರಿ ಕಮ್ಮಿ ಅಂದ್ರೂ ಐದಾಗೋ ಹಾಗಿದ್ರೆ ಮಾತ್ರ ಈ ಗೆರೆ ಸಹವಾಸ. ಇಲ್ದಿದ್ರೆ ಮೈ ಬಗ್ಗಿಸಿ ಒಂದೊಂದಾಗಿ ಕೂಡ್ಬೇಕು.”

ಅವರದೇ ಪೆನ್ನು ಕಿತ್ತುಕೊಂಡು ಅವರೆದುರೇ ಕೂಡಿದಳು. ಒಂದೂ ಕೀವಾಗದಿರುವುದು, ಒಂದಾಗುವುದು, ಎರಡಾಗುವುದು ಎಲ್ಲ ಕೂಡಿ ನೂರರಿಂದ ಕಳೆದಾಗ ಮೂರು ಅಥವಾ ಹೆಚ್ಚು ಆಗುವ ಸಾಧ್ಯತೆ ನೂರಕ್ಕೆ ಎಂಟರ ಹತ್ತಿರ ಬಂತು. ಡಾಕ್ಟರು ಹಾಕಿದ್ದ ಐದರ ಗಡಿ ದಾಟಿತ್ತು.

ಡಾಕ್ಟರು ಮುಖ ಹುಳ್ಳಗೆ ಮಾಡಿಕೊಂಡು ಹಳೆಯ ಆದೇಶ ಹರಿದರು. ‘ತಪ್ಪು ಸಾಬೀತಾಗಿಲ್ಲ. ಕೆಲಸಕ್ಕೆ ಬರಬಹುದು’ ಎಂದು ಬರೆದು ಕೊಟ್ಟರು. ತಂಗಿ ಓದಿದಳು.

“ಸಾಬೀತಾಗಿಲ್ಲ ಅಂದ್ರೆ? ನನ್ ಕೈ ಸರಿ ಇದೆ ಅಂತಾನಾ?”

ಡಾಕ್ಟರು ಅಕ್ಕನ ಮುಖ ನೋಡಿದರು.

“ಹಾಗಲ್ಲ ಕಣೇ,” ಎಂದಳು ಅಕ್ಕ. “ತಪ್ಪಿದೆ ಅನ್ನೋಕೆ ಆಧಾರ ಸಾಲ್ದು ಅಂತ.”

“ಅಂದ್ರೆ ತಪ್ಪು ಇದ್ರೂ ಇರ್ಬಹುದು!” ತಂಗಿ ಆ ಹಾಳೆಯನ್ನೂ ಪೆನ್ನನ್ನೂ ಅಕ್ಕನ ಮುಂದೆ ತಳ್ಳಿದಳು. “ಇಷ್ಟೆಲ್ಲ ಕೂಗಾಡ್ದೆಯಲ್ಲ, ಇವಳ ಕೈ ಚೆನ್ನಾಗಿದೆ ಅಂತ ಒಂದ್ ಸಾಲು ಬರ್ದುಕೊಡು.”

ಅಕ್ಕ ಪೆನ್ನು ಹಿಡಿದಳು. ತನ್ನ ಶಾಸ್ತ್ರದ ಮೇಲೆಯೇ ಅವಳಿಗೆ ಕೆಟ್ಟ ಸಿಟ್ಟು ಬಂತು. ಆದರೂ ಬರೆಯಲಾಗಲಿಲ್ಲ.

“ಲೆಕ್ಕ ಅಷ್ಟು ಹೇಳಲ್ಲ ಕಣೇ.”

“ಲೆಕ್ಕನ ಯಾರ್ ಕೇಳಿದ್ರು?” ತಂಗಿ ಕಿರುಚಿದಳು. “ನಾನು ನಿನ್ನ ಕೇಳಿದ್ದು!”